ಪಾಹಿ ಮಾಂ: ಒಂದು ರಾಜಗೀತದ ಮಟ್ಟು, ಒಂದು ದೇವೀಸ್ತುತಿ, ಯುದ್ಧಕಾಲದ ಧ್ವನಿ

ರಾಷ್ಟ್ರಗೀತವೆಂಬುದು ಬಹುಜನರು ಎದ್ದುನಿಂತು ಏಕಕಂಠದಿಂದ ಹಾಡತಕ್ಕ ಗೀತ. ದಂಡಿನ ಮೈದಾನ, ಒಡ್ಡೋಲಗ, ಉತ್ಸವದ ಬಯಲು ಇವೇ ಅದರ ನೆಲೆಗಳು. ಪಾಶ್ಚಾತ್ಯರು ‘ಚೇಂಬರ್ ಮ್ಯೂಸಿಕ್’ ಎಂದು ಕರೆಯುವ ಗಾನಪ್ರಕಾರವಾದರೋ ಒಂದು ಕೊಠಡಿಯಲ್ಲಿ ನಾಲ್ಕೈದು ಮಂದಿ ವಾದಕರು ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸತಕ್ಕದ್ದು. ನಮ್ಮಲ್ಲಿ ಸಂಗೀತಸಭೆಗಳು ಹುಟ್ಟುವುದಕ್ಕೆ ಮೊದಲು ದಾತೃಗಳ ಮನೆಗಳಲ್ಲಿಯೂ ಗುರುಗೃಹಗಳಲ್ಲಿಯೂ ದೇವರ ಸನ್ನಿಧಿಯಲ್ಲಿಯೂ ನಡೆಯುತ್ತಿದ್ದ ಹಾಡಿಕೆ ಇದಕ್ಕೆ ಬಹಳ ಹತ್ತಿರವಾದುದು. ಈ ಲೇಖನದಲ್ಲಿ ಎರಡನ್ನೂ ಗೋಷ್ಠೀಗಾನವೆಂಬ ಒಂದೇ ಹೆಸರಿನಿಂದ ನಿರ್ದೇಶಿಸುತ್ತೇನೆ.

ಬಯಲಿನ ಗೀತವನ್ನು ಗೋಷ್ಠಿಯೊಳಕ್ಕೆ ತಂದಾಗ ಅದರ ಅರ್ಥಕ್ಕೆ ಏನಾಗುತ್ತದೆ? ವಿಶೇಷವಾಗಿ, ಯುದ್ಧವು ನಡೆಯುತ್ತಿರುವ ಕಾಲದಲ್ಲಿ ಹಾಗೆ ತಂದರೆ, ಆ ಗಾನವು ಯುದ್ಧವನ್ನು ಕುರಿತು ಏನನ್ನು ಹೇಳುತ್ತದೆ? ಈ ಪ್ರಶ್ನೆಗೆ ಯೂರೋಪಿನ ಉದಾಹರಣೆಗಳನ್ನೇ ಕೊಡುವುದು ವಾಡಿಕೆ. ಆದರೆ ದಕ್ಷಿಣದೇಶದಲ್ಲಿ, ಸಂಸ್ಕೃತ ಭಾಷೆಯಲ್ಲಿ, ನಮ್ಮ ವಾಗ್ಗೇಯಕಾರರಲ್ಲಿ ಅಗ್ರಗಣ್ಯರಾದ ಮುತ್ತುಸ್ವಾಮಿ ದೀಕ್ಷಿತರ ಕೈಯಿಂದ ಆದ ಒಂದು ಉದಾಹರಣೆ ಇದೆ. ‘ಸಂತತಂ ಪಾಹಿ ಮಾಂ’ ಎಂಬ ಆ ಚಿಕ್ಕ ರಚನೆಯ ಮಟ್ಟು ಇಂಗ್ಲಿಷರ ರಾಜಗೀತದ ಮಟ್ಟೇ. ಇದನ್ನು ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಪರರಾಜರ ಹಾಡಿನ ಅನುಕರಣ, ಮಕ್ಕಳ ಅಭ್ಯಾಸಕ್ಕೆ ಮಾತ್ರ ತಕ್ಕದ್ದು, ಎಂಬುದು ಒಂದು. ಇದು ಆ ರಾಜರನ್ನು ಮರೆಯಲ್ಲಿ ಅಣಕಿಸಿದ ಗೂಢನಿಂದೆ ಎಂಬುದು ಇನ್ನೊಂದು. ಎರಡೂ ನಿಲ್ಲಲಾರವೆಂದೂ, ಇವೆರಡಕ್ಕಿಂತ ಗಂಭೀರವಾದ ಮೂರನೆಯ ಅರ್ಥವೊಂದು ಅಲ್ಲಿ ವ್ಯಂಗ್ಯವಾಗಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಟ್ಟಿನ ಪೂರ್ವವೃತ್ತಾಂತ. ಇಂಗ್ಲಿಷರ ರಾಜಗೀತವು ಜನರಲ್ಲಿ ಪ್ರಚಾರಕ್ಕೆ ಬಂದುದು 1745ನೆಯ ಇಸವಿಯಲ್ಲಿ. ಸ್ಟುವರ್ಟ್ ವಂಶದವರು ಸಿಂಹಾಸನಕ್ಕಾಗಿ ದಂಗೆಯೆದ್ದು ಬರುತ್ತಿದ್ದಾಗ ಲಂಡನ್ನಿನ ನಾಟಕಶಾಲೆಗಳಲ್ಲಿ ಎರಡನೆಯ ಜಾರ್ಜ್ ದೊರೆಯ ಪರವಾಗಿ ಅದನ್ನು ಹಾಡಿದರು. ಹುಟ್ಟಿನಲ್ಲಿಯೇ ಅದು ಯುದ್ಧಕಾಲದ ಹಾಡು. ದೊರೆಯನ್ನು ದೇವರು ಕಾಪಾಡಲಿ, ಅವನಿಗೆ ಜಯವನ್ನು ಕೊಡಲಿ ಎಂಬುದು ಮೊದಲನೆಯ ಚರಣದ ತಾತ್ಪರ್ಯ. ಎರಡನೆಯ ಚರಣದಲ್ಲಿ ಶತ್ರುಗಳನ್ನು ಚದುರಿಸಿ ಅವರ ಹಂಚಿಕೆಗಳನ್ನು ಕೆಡಿಸೆಂಬ ಪ್ರಾರ್ಥನೆ ಬರುತ್ತದೆ. ಮಟ್ಟು ಮೂರು ಮಾತ್ರೆಗಳ ನಡೆಯದು. ನಮ್ಮ ಪರಿಭಾಷೆಯಲ್ಲಿ ತಿಸ್ರ. ಪೂರ್ವಭಾಗದಲ್ಲಿ ಆರು ಆವರ್ತಗಳು, ಉತ್ತರಭಾಗದಲ್ಲಿ ಎಂಟು. ಸ್ವರಗಳು ನಮ್ಮ ಶಂಕರಾಭರಣ ಮೇಳದವು.

ಈ ಗೀತವನ್ನು ಲಂಡನ್ನಿನಲ್ಲಿ ಕೇಳಿದವರಲ್ಲಿ ಆಸ್ಟ್ರಿಯಾ ದೇಶದ ಜೋಸೆಫ್ ಹೈಡನ್ ಒಬ್ಬನು. ತನ್ನ ದೇಶಕ್ಕೂ ಇಂಥದೊಂದು ಬೇಕೆಂದು ಅವನಿಗೆ ತೋರಿತು. ಆಗ ನೆಪೋಲಿಯನ್ನನು ಇಟಲಿಯಲ್ಲಿ ಆಸ್ಟ್ರಿಯಾದ ಸೈನ್ಯಗಳನ್ನು ಸೋಲಿಸುತ್ತ ಬರುತ್ತಿದ್ದನು. ಹಾಷ್ಕನೆಂಬ ಕವಿಯ ಮಾತುಗಳಿಗೆ ಹೈಡನ್ ಕಟ್ಟಿದ ಚಕ್ರವರ್ತಿಗೀತವನ್ನು 1797ನೆಯ ಇಸವಿ ಫೆಬ್ರವರಿ 12ರಂದು, ಫ್ರಾನ್ಸಿಸ್ ಚಕ್ರವರ್ತಿಯ ಹುಟ್ಟುಹಬ್ಬದ ದಿನ, ವಿಯೆನ್ನಾದಲ್ಲಿ ಹಾಡಿದರು. ಅದೇ ವರ್ಷ ಅವನು ಆ ಮಟ್ಟನ್ನು ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಎಂಬ ನಾಲ್ಕು ತಂತೀವಾದ್ಯಗಳ ರಚನೆಯೊಂದರ ಎರಡನೆಯ ಭಾಗದಲ್ಲಿಟ್ಟನು. ಇದು ಅವನ 76ನೆಯ ಕೃತಿಸಂಪುಟದ ಮೂರನೆಯದು, 1799ರಲ್ಲಿ ಅಚ್ಚಾಯಿತು.

ಅಲ್ಲಿ ಹೈಡನ್ ಮಾಡಿರುವ ಕೆಲಸವು ಗಮನಾರ್ಹವಾದುದು. ಮಟ್ಟನ್ನು ಒಮ್ಮೆ ಸರಳವಾಗಿ ನುಡಿಸಿ, ಅನಂತರ ನಾಲ್ಕು ಆವೃತ್ತಿಗಳಲ್ಲಿ ಎರಡನೆಯ ಪಿಟೀಲು, ಚೆಲ್ಲೋ, ವಿಯೋಲಾ, ಮೊದಲನೆಯ ಪಿಟೀಲು ಈ ಕ್ರಮದಲ್ಲಿ ಒಂದೊಂದು ವಾದ್ಯಕ್ಕೂ ಅದನ್ನು ಒಪ್ಪಿಸುತ್ತಾನೆ. ಮಟ್ಟು ಎಲ್ಲಿಯೂ ಮಾರ್ಪಡುವುದಿಲ್ಲ. ಅದರ ಸುತ್ತಲಿನ ಸ್ವರಸಮೂಹವು ಮಾತ್ರ ಬೇರೆಬೇರೆಯಾಗುತ್ತದೆ. ಒಂದೇ ಪ್ರಾರ್ಥನೆಯನ್ನು ಒಬ್ಬನು ಹೇಳುವಾಗ ಉಳಿದ ಮೂವರು ತಗ್ಗಿದ ದನಿಯಲ್ಲಿ ಅವನನ್ನು ಅನುಸರಿಸುತ್ತಾರೆ. ಇಲ್ಲಿ ಮಾತುಗಳಿಲ್ಲ. ಆದಕಾರಣ ಚಕ್ರವರ್ತಿಯ ಹೆಸರೂ ಇಲ್ಲ. ಯಾರಿಗಾಗಿ ಎಂಬುದು ಅಳಿದು ‘ಕಾಪಾಡು’ ಎಂಬ ಭಾವವೊಂದೇ ಉಳಿಯಿತು. 1809ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಫಿರಂಗಿಗಳು ವಿಯೆನ್ನಾ ನಗರದ ಮೇಲೆ ಗುಂಡು ಸುರಿಸಿದಾಗ ವೃದ್ಧನಾದ ಹೈಡನ್ ತನ್ನ ಮನೆಯಲ್ಲಿ ಪಿಯಾನೋದ ಮುಂದೆ ಕುಳಿತು ಈ ಮಟ್ಟನ್ನೇ ನುಡಿಸುತ್ತಿದ್ದನು. ಆ ತಿಂಗಳ 31ರಂದು ತೀರಿಕೊಂಡನು.

ಸರಿಸುಮಾರು ಇದೇ ಕಾಲಕ್ಕೆ ಮದರಾಸಿನ ಬಳಿಯ ಮಣಲಿಯಲ್ಲಿ ರಾಮಸ್ವಾಮಿ ದೀಕ್ಷಿತರ ಕುಟುಂಬವು ಅಲ್ಲಿಯ ಮೊದಲಿಯಾರರ ಆಶ್ರಯದಲ್ಲಿತ್ತು. ಅವರ ಪುತ್ರರಲ್ಲಿ ಹಿರಿಯರಾದ ಮುತ್ತುಸ್ವಾಮಿ ದೀಕ್ಷಿತರು 1775ರಲ್ಲಿ ತಿರುವಾರೂರಿನಲ್ಲಿ ಹುಟ್ಟಿ 1835ರಲ್ಲಿ ಎಟ್ಟಯಾಪುರದಲ್ಲಿ ಸಿದ್ಧಿಯನ್ನು ಪಡೆದವರು. ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯೂರೋಪಿಯನ್ನರಿಂದ ಪಿಟೀಲು ಕಲಿತು ಅದನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದವರು. ಸೋದರರು ಮದರಾಸಿನ ಕೋಟೆಯಲ್ಲಿ ಇಂಗ್ಲಿಷ್ ದಂಡಿನ ವಾದ್ಯಮೇಳವನ್ನು ಕೇಳುತ್ತಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಆ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ರಚಿಸಿದರು. ಇಂಗ್ಲಿಷಿನ ‘ನೋಟ್’ ಶಬ್ದದಿಂದ ಇವುಗಳಿಗೆ ನೊಟ್ಟುಸ್ವರಗಳೆಂಬ ಹೆಸರು ಬಂದಿತು. ದಂಡಿನ ಮಟ್ಟು ಮನೆಯೊಳಗೆ ಬಂದು, ಒಂದೆರಡು ಕಂಠ, ಒಂದು ವೀಣೆ, ಒಂದು ಪಿಟೀಲುಗಳ ಗೋಷ್ಠೀಗಾನವಾಯಿತು.

ಈಗ ಪ್ರಸ್ತುತ ರಚನೆಯ ಮಾತುಗಳನ್ನು ವಿಚಾರಿಸೋಣ. ಸಂಗೀತಶ್ಯಾಮಲೆಯನ್ನು ಸಂಬೋಧಿಸಿ, ಯಾವಾಗಲೂ ನನ್ನನ್ನು ಕಾಪಾಡೆಂದು ಬೇಡುವುದು ಇದರ ಆರಂಭ. ಆಕೆ ಎಲ್ಲಕ್ಕೂ ಆಧಾರಳಾದ ಜನನಿ, ನೆನೆದ ಅರ್ಥವನ್ನು ಕೊಡುವವಳು, ಚೈತನ್ಯವೇ ರೂಪವಾಗಿ ಉಳ್ಳವಳು. ಕೊನೆಗೆ ‘ಗುರುಗುಹ’ ಎಂಬ ದೀಕ್ಷಿತರ ಮುದ್ರೆ. ಇಷ್ಟೇ.

ಇಂಗ್ಲಿಷ್ ಗೀತದ ಮೊದಲನೆಯ ಪಂಕ್ತಿಯ ವಾಕ್ಯರಚನೆಯನ್ನು ಇದರೊಡನೆ ಇಟ್ಟು ನೋಡಿದರೆ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿ ಕ್ರಿಯಾಪದವು ಪ್ರಥಮಪುರುಷದ ಆಶೀರರ್ಥದಲ್ಲಿದೆ: ‘ಕಾಪಾಡಲಿ’ ಎಂದು. ದೇವರು ಕರ್ತೃ, ದೊರೆ ಕರ್ಮ, ಹಾಡುವವನು ಹೊರಗೆ ನಿಂತ ಮೂರನೆಯವನು. ಇಲ್ಲಿ ‘ಪಾಹಿ’ ಎಂಬುದು ರಕ್ಷಣಾರ್ಥದ ‘ಪಾ’ ಧಾತುವಿನ ಲೋಟ್ ಲಕಾರದ ಮಧ್ಯಮಪುರುಷ ಏಕವಚನ; ‘ಮಾಂ’ ಎಂಬುದು ಉತ್ತಮಪುರುಷ ಸರ್ವನಾಮದ ದ್ವಿತೀಯಾ ಏಕವಚನ. ಮೂವರಿದ್ದ ವಾಕ್ಯದಲ್ಲಿ ಈಗ ಇಬ್ಬರೇ ಉಳಿದರು. ಬಿಟ್ಟುಹೋದವನು ನಡುವಿನ ದೊರೆ. ಅವನೊಡನೆ ಅವನ ಜಯವೂ ಅವನ ಶತ್ರುಗಳೂ ಹೋದರು. ರಕ್ಷಣೆಯ ಪ್ರಾರ್ಥನೆಯು ಮಾತ್ರ ಇದ್ದಂತೆಯೇ ಇದೆ. ಅದು ಕೂತಿರುವ ಸ್ವರಸ್ಥಾನವೂ ಮೊದಲಿನದೇ.

ಇದು ಅನುಕರಣವೇ ಎಂಬ ಮೊದಲನೆಯ ಆಕ್ಷೇಪವನ್ನು ಈಗ ಪರೀಕ್ಷಿಸಬಹುದು. ಒಂದೇ ಗಾನವನ್ನು ಬೇರೆ ಮಾತಿಗೆ ಹೊಂದಿಸುವುದು ನಮ್ಮಲ್ಲಿ ಹೊಸದಲ್ಲ, ಹೀನವೂ ಅಲ್ಲ. ಸಾಮವೇದದಲ್ಲಿ ಒಂದು ಸಾಮಕ್ಕೆ ಆಧಾರವಾದ ಋಕ್ಕನ್ನು ಯೋನಿಯೆನ್ನುತ್ತಾರೆ. ಅದೇ ಸಾಮವನ್ನು ಯಜ್ಞದ ಅಗತ್ಯಕ್ಕನುಸಾರವಾಗಿ ಬೇರೆ ಋಕ್ಕುಗಳ ಮೇಲೆ ಹಾಡಿದ ಸಂಗ್ರಹಕ್ಕೆ ಊಹಗಾನವೆಂದು ಹೆಸರು. ಮೀಮಾಂಸಾಶಾಸ್ತ್ರದ ಒಂಬತ್ತನೆಯ ಅಧ್ಯಾಯವು ಊಹವಿಚಾರಕ್ಕೇ ಮೀಸಲು. ಪ್ರಕೃತಿಯಾಗದಲ್ಲಿ ಅಗ್ನಿಗೆ ಹೇಳಿದ ಮಂತ್ರವನ್ನು ಸೂರ್ಯದೇವತಾಕವಾದ ವಿಕೃತಿಯಾಗದಲ್ಲಿ ಹೇಳುವಾಗ ದೇವತಾಪದವನ್ನು ಬದಲಿಸಿ ಮಿಕ್ಕ ಮಂತ್ರವನ್ನು ಇದ್ದಂತೆ ಇಟ್ಟುಕೊಳ್ಳತಕ್ಕದ್ದು. ಹೀಗೆ ಮಾಡಿದವನನ್ನು ಯಾರೂ ಅನುಕರಣ ಮಾಡಿದನೆಂದು ದೂರುವುದಿಲ್ಲ. ಮಾಡದವನೇ ಕರ್ಮಲೋಪಕ್ಕೆ ಗುರಿಯಾಗುತ್ತಾನೆ. ಶ್ರೀವಿದ್ಯೋಪಾಸಕರಾದ ದೀಕ್ಷಿತರು ಈ ಕ್ರಮದಲ್ಲಿಯೇ ನಡೆದಿದ್ದಾರೆ. ಮಟ್ಟು ಪ್ರಕೃತಿ, ದೇವತಾಪದಕ್ಕೆ ಊಹ.

ಅಲಂಕಾರಶಾಸ್ತ್ರದ ದೃಷ್ಟಿಯಿಂದಲೂ ವಿಚಾರಿಸಬಹುದು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳ ಸಂವಾದವನ್ನು ಪ್ರತಿಬಿಂಬದಂತೆ, ಚಿತ್ರದಂತೆ, ಸಮಾನದೇಹವುಳ್ಳ ಬೇರೊಬ್ಬನಂತೆ ಎಂದು ಮೂರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ತ್ಯಾಜ್ಯವೆಂದೂ ಮೂರನೆಯದು ಗ್ರಾಹ್ಯವೆಂದೂ ಹೇಳಿದನು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿ ‘ಪರಪುರಪ್ರವೇಶಸದೃಶ’ವೆಂದು ಕರೆದನು. ಮೂಲವಸ್ತುವು ಒಂದೇ ಆಗಿ, ಅದರ ಪರಿಕರವು ಬಹುದೂರ ಬೇರೆಯಾದುದು ಇದರ ಲಕ್ಷಣ. ಯೋಗಿಯು ಬೇರೊಬ್ಬನ ಶರೀರವನ್ನು ಹೊಗುವಂತೆ ಎಂಬುದು ಹೆಸರಿನ ಅಭಿಪ್ರಾಯ. ನಮ್ಮ ರಚನೆಯಲ್ಲಿ ರಕ್ಷಣಪ್ರಾರ್ಥನೆಯೆಂಬ ಮೂಲವು ಒಂದೇ. ರಾಜ, ಜಯ, ಶತ್ರು ಎಂಬ ಪರಿಕರವು ಸಂಪೂರ್ಣವಾಗಿ ಬೇರೆ. ಆದರೆ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ರಾಜಶೇಖರನು ಈ ಬಗೆಯನ್ನು ನಿಹ್ನುತಯೋನಿ, ಎಂದರೆ ಮೂಲವು ಮರೆಯಾದುದು, ಎಂಬ ವರ್ಗದಲ್ಲಿ ಇಟ್ಟಿದ್ದಾನೆ. ದೀಕ್ಷಿತರ ರಚನೆಯಲ್ಲಿ ಮೂಲವು ಮರೆಯಾಗಿಲ್ಲ. ಕೋಟೆಯ ವಾದ್ಯವನ್ನು ಒಮ್ಮೆ ಕೇಳಿದವನಿಗೆ ಅದು ಕೂಡಲೇ ಗೊತ್ತಾಗುವುದು. ಹೀಗೆ ಗೊತ್ತಾಗುವುದರಲ್ಲಿಯೇ ಇದರ ಅರ್ಥದ ಬಹುಭಾಗವಿದೆ. ದೊರೆಯನ್ನು ನಿರೀಕ್ಷಿಸುವ ಕಿವಿಗೆ ದೇವಿಯ ಹೆಸರು ಬಿದ್ದಾಗ, ಕಾಪಾಡಬೇಕಾದವರೂ ಕಾಪಾಡತಕ್ಕವಳೂ ಯಾರೆಂಬುದು ಹೊಸದಾಗಿ ಹೊಳೆಯುತ್ತದೆ. ನಿಷೇಧವಾಚಕವಾದ ಶಬ್ದವೊಂದೂ ಇಲ್ಲದೆ ನಿಷೇಧವು ತೋರುವುದರಿಂದ ಇದನ್ನು ಅಪಹ್ನುತಿಧ್ವನಿಯೆಂದು ಕರೆಯಲು ಅಡ್ಡಿಯಿಲ್ಲ.

ಹಾಗಾದರೆ ಇದು ಗೂಢವಾದ ರಾಜನಿಂದೆಯೇ? ಎರಡನೆಯ ಪಕ್ಷದವರು ಹಾಗೆ ಹೇಳುತ್ತಾರೆ. ನಿಂದೆಯು ವ್ಯಂಗ್ಯವಾಗಬೇಕಾದರೆ ಅದಕ್ಕೆ ವ್ಯಂಜಕವೊಂದು ಮಾತಿನಲ್ಲಿ ಬೇಕು. ವ್ಯಾಜಸ್ತುತಿಯಲ್ಲಿ ಹೊಗಳಿಕೆಯು ಅತಿಯಾಗಿಯೋ ಅಸಂಗತವಾಗಿಯೋ ಇದ್ದು ನಿಂದೆಗೆ ದಾರಿ ಮಾಡಿಕೊಡುತ್ತದೆ. ಇಲ್ಲಿ ದೇವಿಯ ವಿಶೇಷಣಗಳಲ್ಲಿ ಅಂಥ ಅಸಂಗತಿಯಾವುದೂ ಇಲ್ಲ; ಅವೆಲ್ಲವೂ ಉಪಾಸಕನ ಶುದ್ಧವಾದ ಮಾತುಗಳು. ದೀಕ್ಷಿತರು ಇದೇ ಬಗೆಯಲ್ಲಿ ಬೇರೆ ಇಂಗ್ಲಿಷ್ ಮಟ್ಟುಗಳಿಗೂ ಸ್ತುತಿಗಳನ್ನು ಕಟ್ಟಿರುವುದರಿಂದ, ಇದೊಂದರಲ್ಲಿ ಮಾತ್ರ ಹಾಸ್ಯವನ್ನು ಆರೋಪಿಸುವುದು ನ್ಯಾಯವಲ್ಲ.

ಯುದ್ಧವನ್ನು ಕುರಿತು ವಾಚ್ಯವಾಗಿಯೇ ನುಡಿದ ನಾದಶಿಲ್ಪವು ಆ ಕಾಲದಲ್ಲಿ ಎಂಥದಿತ್ತೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ದೃಷ್ಟಾಂತವಿದೆ. ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿಯೊಂದು ಯೂರೋಪಿಯನ್ ಮನುಷ್ಯನೊಬ್ಬನನ್ನು ಕೆಡವಿ ಮೇಲೆ ನಿಂತಿದೆ. ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳಿಬರುತ್ತವೆ. ಹೊಟ್ಟೆಯೊಳಗೆ ಹದಿನೆಂಟು ಸ್ವರಗಳ ಸಣ್ಣ ಆರ್ಗನ್ ವಾದ್ಯವೂ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಇದನ್ನು ಇಂಗ್ಲೆಂಡಿಗೆ ಒಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇದರ ಅಭಿಪ್ರಾಯವನ್ನು ತಿಳಿಯಲು ಸಹೃದಯತೆಯೇನೂ ಬೇಕಾಗಿಲ್ಲ. ಶತ್ರುವು ಕಣ್ಣೆದುರಿಗೇ ಬಿದ್ದಿದ್ದಾನೆ. ದೀಕ್ಷಿತರ ಗಾನವನ್ನೂ ಇಂಥದೇ ಎಂದು ಭಾವಿಸಿ ಅದರೊಳಗೆ ಹುಲಿಯನ್ನು ಹುಡುಕುವುದು ಧ್ವನಿಕಾವ್ಯವನ್ನು ಪ್ರಹೇಳಿಕೆಯನ್ನಾಗಿ ಮಾಡಿದಂತೆ.

ಕವಿಯ ಮನಸ್ಸಿನಲ್ಲಿ ರಾಜದ್ರೋಹವಿತ್ತೆಂದು ಊಹಿಸದೆಯೇ ಕಾವ್ಯದಲ್ಲಿ ಯುದ್ಧಧ್ವನಿಯನ್ನು ಹೇಳಲು ಶಾಸ್ತ್ರವು ಅವಕಾಶ ಕೊಟ್ಟಿದೆ. ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಅರ್ಥವು ವ್ಯಂಜಕವಾಗುವುದಕ್ಕೆ ಸಹಕಾರಿಗಳಾಗಿ ವಕ್ತೃ, ಬೋದ್ಧವ್ಯ, ಕಾಕು, ಪ್ರಸ್ತಾವ, ದೇಶ, ಕಾಲ ಮುಂತಾದವನ್ನು ಎಣಿಸಿದ್ದಾನೆ. ಕಾಕುವೆಂದರೆ ದನಿಯ ವಿಕಾರ. ಅದೇ ಮಾತು ದನಿ ಬೇರೆಯಾದರೆ ಬೇರೆ ಅರ್ಥವನ್ನು ಕೊಡುತ್ತದೆ. ಈ ರಚನೆಯಲ್ಲಿ ಮಟ್ಟೇ ಕಾಕುವಿನ ಸ್ಥಾನದಲ್ಲಿದೆ. ದೇಶ ಮತ್ತು ಕಾಲಗಳನ್ನು ಇತಿಹಾಸವು ಒದಗಿಸುತ್ತದೆ.

ಟೇಕಲ್ಲಿನ ಸುತ್ತಲಿನ ನಮ್ಮ ಕೋಲಾರ ಸೀಮೆಯಲ್ಲಿ ಆ ಕಾಲದ ಇತಿಹಾಸವು ದಂಡುಗಳ ಇತಿಹಾಸವೇ. ಹೈದರಾಲಿಯು ಹುಟ್ಟಿದುದು ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿ ಇರುವುದು ಕೋಲಾರದಲ್ಲಿ. 1768ರಲ್ಲಿ ಇಂಗ್ಲಿಷರು ಕೋಲಾರವನ್ನೂ ಮುಳಬಾಗಿಲನ್ನೂ ಹಿಡಿದರು. ಮುಳಬಾಗಿಲಿನ ಕೋಟೆಯನ್ನು ಹೈದರನು ಮರಳಿ ಪಡೆದ ಮೇಲೆ ಆ ವರ್ಷದ ಅಕ್ಟೋಬರ್ 4ರಂದು ಅದರ ಬಳಿಯ ಬಂಡೆಗಳ ನಡುವೆ ದೊಡ್ಡ ಕಾಳಗವಾಯಿತು. ಇಂಗ್ಲಿಷರ ಕಡೆ ಸೋಲಾಗುವಂತಿದ್ದಾಗ ಸಾಮಾನುಗಳ ಕಾವಲಿಗಿದ್ದ ಬ್ರೂಕ್ ಎಂಬ ಸರದಾರನು ಎರಡು ತೋಪುಗಳೊಡನೆ ಗುಡ್ಡವನ್ನೇರಿ, ಸೇನಾಪತಿಯಾದ ಸ್ಮಿತ್ತನ ಹೆಸರನ್ನು ತನ್ನವರಿಂದ ಜಯಘೋಷವಾಗಿ ಕೂಗಿಸಿದನು. ಸ್ಮಿತ್ತನು ಅಲ್ಲಿರಲಿಲ್ಲ. ಬಂದನೆಂದೇ ನಂಬಿ ಹೈದರನ ಪಡೆ ಕದಲಿತು. ಈ ಸಂಗತಿಯನ್ನು ವಿಲ್ಕ್ಸನು ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಮುಂದೆ 1791ರಲ್ಲಿ ಕಾರ್ನ್‌ವಾಲಿಸನು ಮುಗಳಿ ಕಣಿವೆಯನ್ನು ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೇಲೆ ಹಾದು, ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದನು. ಇಂಥ ಸೀಮೆಯಲ್ಲಿ ಪರರಾಜನ ಜಯಗೀತವು ಕೇವಲ ಮಟ್ಟಾಗಿ ಕೇಳಿಸಲಾರದು. ದಂಡು ಬಂದಿತೆಂಬುದಕ್ಕೆ ಅದು ಲಿಂಗ. ಹೊಗೆಯು ಬೆಂಕಿಗೆ ಲಿಂಗವಾಗುವಂತೆ.

ಆದರೆ ನಮ್ಮ ಸೀಮೆಯ ದುಃಖವನ್ನು ಮಾತ್ರ ಹೇಳಿ ನಿಲ್ಲಿಸಿದರೆ ವಿಚಾರವು ಅರ್ಧವಾದೀತು. ದೀಕ್ಷಿತರ ಜನ್ಮಭೂಮಿಯಾದ ತಂಜಾವೂರು ಸೀಮೆಯನ್ನು 1781ರಲ್ಲಿ ಹೊಕ್ಕು ಹಾಳುಗೆಡವಿದುದು ಮೈಸೂರಿನ ಸೈನ್ಯ. ಆಗ ದೀಕ್ಷಿತರು ಆರೇಳು ವರ್ಷದ ಬಾಲಕರು. ಕೋಲಾರದವನಿಗೆ ಶತ್ರುವೆಂದರೆ ಇಂಗ್ಲಿಷಿನವನು. ತಿರುವಾರೂರಿನವನಿಗೆ ಶತ್ರುವೆಂದರೆ ಹೈದರನ ಕುದುರೆಯ ಸವಾರ. ಶತ್ರುವಿನ ಹೆಸರನ್ನೋ, ಶತ್ರು ಎಂಬ ಪದವನ್ನೋ ಹಾಡಿನಲ್ಲಿ ಇಟ್ಟರೆ ಅದು ಎರಡು ಊರುಗಳಲ್ಲಿ ಒಂದಕ್ಕೆ ಮಾತ್ರ ಸಲ್ಲುತ್ತದೆ. ದೀಕ್ಷಿತರು ಆ ಪದವನ್ನು ಇಟ್ಟಿಲ್ಲ. ‘ಮಾಂ’ ಎಂದು ಹೇಳುವವನು ಯಾವ ಊರಿನವನಾದರೂ ಆಗಬಹುದು. ಎರಡು ಸೈನ್ಯಗಳ ನಡುವೆ ಸಿಕ್ಕಿದ ಮನುಷ್ಯನಿಗೆ ಉಳಿಯುವ ಮಾತು ಇದೊಂದೇ. ಯುದ್ಧವನ್ನು ಕುರಿತು ಈ ಗಾನವು ಧ್ವನಿಸುವ ಅರ್ಥವು ಇದೆಂದು ನನ್ನ ಮತ.

ಶತ್ರುವಿಲ್ಲದಿರುವುದು ಸ್ಥಳಾಭಾವದಿಂದಲೋ ಮರೆವಿನಿಂದಲೋ ಆದುದಲ್ಲವೆಂಬುದಕ್ಕೆ ದೇವತೆಯ ಆಯ್ಕೆಯೇ ಸಾಕ್ಷಿ. ಶ್ಯಾಮಲೆಯು ಲಲಿತೆಯ ಮಂತ್ರಿಣಿ. ಲಲಿತೋಪಾಖ್ಯಾನದ ಭಂಡಾಸುರಯುದ್ಧದಲ್ಲಿ ಆಕೆ ಗೇಯಚಕ್ರವೆಂಬ ರಥವನ್ನೇರಿ ಅಸುರನೊಬ್ಬನನ್ನು ಕೊಂದವಳು. ಸಂಗೀತದ ದೇವತೆಯ ಯುದ್ಧರಥಕ್ಕೆ ಗಾನದ ಹೆಸರೇ ಇದೆಯೆಂಬುದು ಶ್ರೀವಿದ್ಯೋಪಾಸಕರೆಲ್ಲರೂ ಬಲ್ಲ ವಿಷಯ. ದಂಡಿನ ಮಟ್ಟನ್ನು ದೇವಿಗೆ ಅರ್ಪಿಸುವ ಕವಿಗೆ ಈ ರಥವನ್ನೂ ಈ ವಧೆಯನ್ನೂ ಸ್ಮರಿಸುವುದಕ್ಕಿಂತ ಸುಲಭವಾದುದು ಮತ್ತಾವುದು? ಶತ್ರುಸಂಹಾರದ ಚರಣಕ್ಕೆ ಸರಿಸಮಾನವಾದ ವಸ್ತುವು ಕೈಯಲ್ಲೇ ಇತ್ತು. ಅದನ್ನು ಬಿಟ್ಟು, ಎಲ್ಲಕ್ಕೂ ಆಧಾರಳಾದ ತಾಯಿಯೆಂಬ ವಿಶೇಷಣವನ್ನು ಹಿಡಿದರು. ಎಲ್ಲಕ್ಕೂ ಎಂದ ಮೇಲೆ ಎರಡು ಪಕ್ಷಗಳೂ ಅದರಲ್ಲಿ ಸೇರಿದವು.

ಈ ತ್ಯಾಗದ ಬೆಲೆಯು ಕನ್ನಡದ ಒಂದು ಗೀತದೊಡನೆ ಹೋಲಿಸಿದರೆ ಇನ್ನೂ ಸ್ಫುಟವಾಗುತ್ತದೆ. ಮೈಸೂರು ಸಂಸ್ಥಾನದ ರಾಜಗೀತವಾಗಿದ್ದ ‘ಕಾಯೌ ಶ್ರೀ ಗೌರಿ’ಯನ್ನು ರಚಿಸಿದವರು ಚಾಮರಾಜೇಂದ್ರ ಒಡೆಯರ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು, ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆಂದು ಪ್ರಸಿದ್ಧರಾದವರು. 1881ರಲ್ಲಿ ರಾಜ್ಯವು ಇಂಗ್ಲಿಷರಿಂದ ಅರಸರಿಗೆ ಮರಳಿ ಬಂದ ಕಾಲದ ಗೀತವದು. ಅಲ್ಲಿಯೂ ದೇವಿಯನ್ನು ಮಧ್ಯಮಪುರುಷದಲ್ಲಿ ‘ಕಾಯೌ’ ಎಂದು ಕರೆಯುವುದುಂಟು. ಆದರೆ ಕಾಯಬೇಕಾದವನು ಅರಸ. ದೀಕ್ಷಿತರು ಬಿಟ್ಟ ದೊರೆಯನ್ನು ಶಾಸ್ತ್ರಿಗಳು ಮತ್ತೆ ವಾಕ್ಯದೊಳಗೆ ಕೂರಿಸಿದರು. ಇದು ದೋಷವಲ್ಲ. ಐವತ್ತು ವರ್ಷ ಅರಸನಿಲ್ಲದೆ ಇದ್ದ ಪ್ರಜೆಗಳು ಎದ್ದುನಿಂತು ಹಾಡತಕ್ಕ ಗೀತಕ್ಕೆ ಅರಸನು ಬೇಕೇ ಬೇಕು. ಬಯಲಿನ ಗಾನಕ್ಕೂ ಗೋಷ್ಠೀಗಾನಕ್ಕೂ ಇರುವ ಧರ್ಮಭೇದವನ್ನು ಈ ಎರಡು ರಚನೆಗಳೂ ಪಕ್ಕಪಕ್ಕದಲ್ಲಿ ನಿಂತು ತೋರಿಸುತ್ತವೆ.

ಹೈಡನ್ನನ ಮಟ್ಟಿಗೆ ಮುಂದೆ ಒದಗಿದ ಗತಿಯೂ ಇಲ್ಲಿ ವಿಚಾರಾರ್ಹ. 1841ರಲ್ಲಿ ಹಾಫ್‌ಮನ್ ಫಾನ್ ಫಾಲರ್ಸ್‌ಲೇಬೆನ್ ಎಂಬ ಕವಿಯು ಅದಕ್ಕೆ ಬೇರೆ ಮಾತುಗಳನ್ನು ಬರೆದನು. 1922ರಲ್ಲಿ ಅದು ಜರ್ಮನಿಯ ರಾಷ್ಟ್ರಗೀತವಾಯಿತು. ಹಿಟ್ಲರನ ಆಳಿಕೆಯಲ್ಲಿ ಅದರ ಮೊದಲನೆಯ ಚರಣವು ಪರದೇಶಗಳನ್ನು ಆಕ್ರಮಿಸಿದವರ ಬಾಯಲ್ಲಿ ಮೊಳಗಿತು. ಆದಕಾರಣವೇ 1952ರಲ್ಲಿ ಪಶ್ಚಿಮ ಜರ್ಮನಿಯವರು ಸರ್ಕಾರದ ಸಮಾರಂಭಗಳಲ್ಲಿ ಮೂರನೆಯ ಚರಣವನ್ನು ಮಾತ್ರ ಹಾಡಬೇಕೆಂದು ನಿಶ್ಚಯಿಸಿದರು. ನಾಲ್ಕು ವಾದ್ಯಗಳ ಕೊಠಡಿಯಲ್ಲಿ ಹೈಡನ್ ಮಾತುಗಳನ್ನು ಕಳಚಿ ಪ್ರಾರ್ಥನೆಯನ್ನು ಶುದ್ಧಗೊಳಿಸಿದನು, ನಿಜ. ಆದರೆ ಮಾತಿಲ್ಲದ ಮಟ್ಟು ಬಾಗಿಲಿಲ್ಲದ ಮನೆ, ಯಾರಾದರೂ ಹೊಗಬಹುದು. ದೀಕ್ಷಿತರು ಮಾತುಗಳನ್ನು ತೆಗೆಯದೆ ಬೇರೆ ಮಾತುಗಳನ್ನಿಟ್ಟರು. ಆ ಮಾತುಗಳೊಡನೆ ಹಾಡಿದಷ್ಟು ಕಾಲ ಈ ರಚನೆಯನ್ನು ಯಾವ ಸೈನ್ಯವೂ ತನ್ನದೆಂದು ಹೇಳಿಕೊಳ್ಳಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕೆಲಸವನ್ನು ಬೇರೆ ರಸದಲ್ಲಿ ಮಾಡಿದವರಿದ್ದಾರೆ. 1914ರಲ್ಲಿ ಜರ್ಮನರು ಬೆಲ್ಜಿಯಮ್ಮನ್ನು ಆಕ್ರಮಿಸಿದಾಗ ಫ್ರಾನ್ಸಿನ ಡೆಬ್ಯುಸಿಯು ಆ ದೇಶದ ರಾಷ್ಟ್ರಗೀತವನ್ನು ಪಿಯಾನೋದ ಒಂದು ಜೋಗುಳದೊಳಗೆ ಇಟ್ಟನು. ವೀರಕ್ಕೆ ತಕ್ಕ ಮಟ್ಟು ಕರುಣಕ್ಕೆ ಅಂಗವಾಯಿತು. 1942ರಲ್ಲಿ, ಹಿಟ್ಲರನ ದೆಸೆಯಿಂದ ಅಮೆರಿಕೆಗೆ ಹೋಗಿದ್ದ ಷೋನ್‌ಬರ್ಗನು ಬೈರನ್ ಕವಿಯು ನೆಪೋಲಿಯನ್ನನನ್ನು ಕುರಿತು 1814ರಲ್ಲಿ ಬರೆದ ಕವಿತೆಯನ್ನು ವಾಚಕನೊಬ್ಬ, ಪಿಯಾನೋ, ನಾಲ್ಕು ತಂತೀವಾದ್ಯಗಳು ಇವಕ್ಕೆ ಅಳವಡಿಸಿದನು. ಫ್ರಾನ್ಸಿನ ರಾಷ್ಟ್ರಗೀತದ ಛಾಯೆ ಅ‌ದರಲ್ಲಿ ಸುಳಿಯುತ್ತದೆ. ನೆಪೋಲಿಯನ್ನನನ್ನು ಹೇಳಿ ಹಿಟ್ಲರನನ್ನು ತಿಳಿಸುವ ಈ ಬಗೆಯನ್ನು ನಮ್ಮವರು ಅಪ್ರಸ್ತುತಪ್ರಶಂಸೆಯೆನ್ನುತ್ತಾರೆ. ಅಲ್ಲಿ ಕ್ರೋಧವೇ ಸ್ಥಾಯಿ. ಶತ್ರುವು ಇದ್ದಾನೆ, ಇರಲೇಬೇಕು. ಅಂಥ ಕಾಲದಲ್ಲಿ ಅಂಥ ಕ್ರೋಧವು ಧರ್ಮ್ಯವೇ. ಆದರೆ ಶತ್ರುವು ತೀರಿದ ಮೇಲೆ ಆ ಗಾನವನ್ನು ಕೇಳುವವನಿಗೆ ಇತಿಹಾಸದ ನೆರವು ಬೇಕಾಗುತ್ತದೆ. ‘ಪಾಹಿ ಮಾಂ’ ಎಂಬುದಕ್ಕೆ ಅದು ಬೇಕಾಗಿಲ್ಲ. ಇತಿಹಾಸವನ್ನು ಬಲ್ಲವನಿಗೆ ಅದರ ಅರ್ಥವು ವಿಶಾಲವಾಗುತ್ತದೆಯಷ್ಟೆ.

ಇಷ್ಟು ಹೇಳಿದುದರಿಂದ ಈ ರಚನೆಯನ್ನು ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳ ಸಾಲಿಗೆ ಏರಿಸಿದೆನೆಂದು ಯಾರೂ ತಿಳಿಯಬಾರದು. ಗಮಕಗಳಿಲ್ಲದ ಮಟ್ಟಿನಲ್ಲಿ ಶಂಕರಾಭರಣದ ಸ್ವರಗಳಿವೆಯೇ ಹೊರತು ಶಂಕರಾಭರಣ ರಾಗವಿಲ್ಲ. ವಿಶೇಷಣಗಳ ಸರಣಿಯು ಸಾಮಾನ್ಯವಾದುದೇ. ಇದರ ಹಿರಿಮೆಯಿರುವುದು ಮಟ್ಟಿಗೂ ಮಾತಿಗೂ ನಡುವಣ ಅಂತರದಲ್ಲಿ. ಆ ಅಂತರವು ಕೇಳದಿದ್ದರೆ ಹಿರಿಮೆಯೂ ಕಾಣದು. ಈಗ ವಾಡಿಕೆಯಾಗಿರುವಂತೆ ಚುರುಕಾದ ಕಾಲದಲ್ಲಿ, ಮಕ್ಕಳ ಕವಾಯತಿನ ಹಾಡಿನಂತೆ ಇದನ್ನು ಹಾಡಿದರೆ ಬಯಲಿನ ಗೀತವು ಬಯಲಿನಲ್ಲಿಯೇ ಉಳಿಯುತ್ತದೆ. ನಿಧಾನವಾದ ಕಾಲದಲ್ಲಿ, ಒಂದು ಕಂಠ, ಒಂದು ತಂತಿವಾದ್ಯದೊಡನೆ, ‘ಮಾಂ’ ಎಂಬ ಪದವು ಕಿವಿಗೆ ನಿಲ್ಲುವಂತೆ ಹಾಡಿದರೆ ಇದು ಗೋಷ್ಠೀಗಾನವಾಗುತ್ತದೆ.

ಅಧ್ಯಾಪಕರು ಇದನ್ನು ಪಾಠ ಹೇಳುವಾಗ ಇಂಗ್ಲಿಷ್ ಗೀತದ ತಾತ್ಪರ್ಯವನ್ನು ಮೊದಲು ತಿಳಿಸಿ, ಅನಂತರ ‘ಪಾಹಿ’ ಎಂಬ ಪದದ ಲಕಾರ ಪುರುಷಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿ, ದೊರೆಯು ಎಲ್ಲಿ ಹೋದನೆಂದು ಪ್ರಶ್ನಿಸತಕ್ಕದ್ದು. ಅನುಕರಣವೆಂಬ ತಿರಸ್ಕಾರವೂ ಗೂಢನಿಂದೆಯೆಂಬ ಉತ್ಸಾಹವೂ ಆ ಒಂದು ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಎರಡು ಪಕ್ಷದವರೂ ದೊರೆಯನ್ನೇ ನೋಡುತ್ತಿದ್ದಾರೆ, ಒಬ್ಬರು ವಿನಯದಿಂದ, ಇನ್ನೊಬ್ಬರು ಕೋಪದಿಂದ. ದೀಕ್ಷಿತರ ದೃಷ್ಟಿಯು ಅವನ ಕಡೆಗೆ ಇರಲೇ ಇಲ್ಲ. ಅವನ ಹಾಡಿನೊಳಗೆ ನಿಂತು ಅವರು ಮತ್ತೊಬ್ಬಳೊಡನೆ ಮಾತನಾಡಿದರು.